ತೊಳೆಯದೆ ತಂದ ಸೈಕಲ್ಲು

ತೊಳೀಬೇಡ, ಹಾಗೇ ತಗೊಂಡು ಬಾ ಅಂದಿದ್ದೆ.
ಮಾತು ಉಳಿಸಿಕೊಂಡಳು ಕೊಟ್ರಮ್ಮ.
ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ,
ಹನ್ನೊಂದು ದಿನ ರಜೆ ಬರೆದು
ಒಬ್ಬಳೇ ಘಟ್ಟ ಇಳಿದು, ಕಡಲಗುಂಟ ತುಳಿದು,
ಇನ್ನೊಂದು ಘಟ್ಟ ಹತ್ತಿ ಬಂದವಳು.
ಗೋಡೆಗೆ ಸೈಕಲ್ಲು ಒರಗಿಸಿ
"ಸಂಜೆ ಬರ್ತೀನಿ ದಸ್ತಗೀರಣ್ಣ" ಅಂದು
ನಡೆದೇ ಹೋದಳು, ತುಸು ಕುಂಟುತ್ತ.

ರೈಲ್ವೆ ಗೇಟು ಬಿದ್ದಿತ್ತು. ಗಿರಾಕಿ ಇಲ್ಲ.
ಗಾಲಿ ಮೇಲೆ ಮಾಡಿಟ್ಟುಕೊಂಡು ಕೂತೆ.
ಅವಳು ಒಂದು ಹನಿಯಲ್ಲಿ ಊರ ಜನರ ಒಳಗನ್ನು ಓದುತ್ತಾಳೆ.
ನಾನೂ ಓದಬಲ್ಲೆ. ನನಗೆ ಸೂಜಿ ಬೇಡ.

ಮಡ್‌ಗಾರ್ಡಿನ ಒಳಮೈಗೆ ಉಗುರು ಹಾಕಿದೆ.
ಮೇಲೆ ನಮ್ಮದೇ ಎರೆಮಣ್ಣು,
ಕೆಳಗೆ ಕೆಂಪು,
ಅದರ ಕೆಳಗೆ ಚಿಟಿಕೆಯಷ್ಟು ಮರಳು,
ಮತ್ತೆ ಕೆಂಪು, ಮತ್ತೆ ಕಪ್ಪು.
ಹೋದ ದಾರಿ ಒಳಗೆ, ಬಂದ ದಾರಿ ಹೊರಗೆ.

ಮರಳು ಅಂದರೆ ನನಗೆ ಮಂಡಕ್ಕಿ ಭಟ್ಟಿಯದ್ದು,
ದಿನವಿಡೀ ಬೆಂದು ಕರ್ರಗಾದದ್ದು.
ನಮ್ಮ ಓಣಿಯ ಹುಡುಗರ ಚೈನಿನಲ್ಲಿ ಯಾವಾಗಲೂ ಅದೇ.
ಇದು ಬೇರೆ.
ಯಾರೂ ಹುರಿಯದ ಮರಳು.
ಅಂಗೈಯಲ್ಲಿ ತಣ್ಣಗೆ ಕೂತಿತು.

ಹೊರಡುವಾಗ ನಾನೇ ಹಾಕಿದ ಬ್ರೇಕ್ ರಬ್ಬರು
ಹಿಂದಿನದು ಹುಣಸೆ ಸಿಪ್ಪೆಯಷ್ಟಾಗಿದೆ,
ಮುಂದಿನದು ಹೆಚ್ಚುಕಡಿಮೆ ಹೊಸದು.
ಆಗುಂಬೆಯ ತಿರುವಿನಲ್ಲಿ
ಬಲಗೈಯನ್ನು ನಂಬಲಿಲ್ಲ ಇವಳು.
ಆದರೆ ಹತ್ತುವ ಗೇರಿನ ದೊಡ್ಡ ಚಕ್ರ ನೋಡಿ,
ಹಬ್ಬಕ್ಕೆ ತೊಳೆದ ಹಿತ್ತಾಳೆಯ ಹಾಗೆ!
ದೇವಿಮನೆ ಘಟ್ಟದಲ್ಲಿ ಇಳಿದು ತಳ್ಳಿಲ್ಲ.
ಕಾಲು ಸೋತಿರಬಹುದು, ತಳ್ಳಿಲ್ಲ.

ಕಡ್ಡಿಗಳ ಬುಡದಲ್ಲಿ ತುಕ್ಕಿನ ಮೊಳಕೆ.
ಅತ್ತ ಇತ್ತ ನೋಡಿ
ನಾಲಗೆ ತುದಿಗೆ ಬೆರಳು ಮುಟ್ಟಿಸಿದೆ.
ಉಪ್ಪು.
ಐವತ್ತಾರು ವರ್ಷಕ್ಕೆ ಸಮುದ್ರ ನನ್ನ ಅಂಗಡಿಗೆ ಬಂತು,
ಬಂದದ್ದೂ ರಿಪೇರಿಗೆ.

ಎಡ ಪೆಡಲು ತರಚಿದೆ, ಹ್ಯಾಂಡಲ್ ತುದಿ ಸವೆದಿದೆ.
ಇದು ಏಳನೆಯ ತಿರುವು, ಎದುರಿಗೆ ಬಸ್ಸು,
ಪಾಚಿ ಕಟ್ಟಿದ ಅಂಚು, ಕೆಳಗೆ ಪ್ರಪಾತ...
ನನ್ನಷ್ಟಕ್ಕೆ ನಾನೇ ಬೀಳಿಸಿದೆ ಅವಳನ್ನು,
ನಾನೇ ಎತ್ತಿದೆ.
ಕೈ ನಡುಗಿ ಪಾನಾ ಜಾರಿ
ಸೀಮೆಎಣ್ಣೆ ಬೋಗುಣಿಗೆ ಬಿತ್ತು.

ಸಂಜೆ ಬಂದಳು. ಕೇಳಿದೆ.
ನಕ್ಕಳು ಬಾಯಿ ತುಂಬ.
"ಘಟ್ಟದಲ್ಲೆಲ್ಲಿ ಬಿದ್ದೆ ಅಣ್ಣ! ಹರಿಹರ ದಾಟಿದ ಮೇಲೆ.
ಹಾಳೆ ಹಾಸಿದಂಗೆ ರಸ್ತೆ. ನಾಯಿನೂ ಇಲ್ಲ.
ನಮ್ಮೂರು ಬಂತಲ್ಲ ಅಂತ ಒಂದು ಗಳಿಗೆ ಮೈಮರೆತೆ, ಅಷ್ಟೇ."

ಓದುವುದು ಬರುತ್ತದೆ ಅಂದುಕೊಂಡಿದ್ದೆ.

ಬೆಂಡು ತೆಗೆದು, ಗುಂಡು ಬದಲಿಸಿ, ಗ್ರೀಸು ತುಂಬಿ
"ಒಂದು ಸುತ್ತು ನೋಡ್ತೀನಿ" ಅಂದು ಹತ್ತಿದೆ.
ರೊಟ್ಟಿ ತಟ್ಟಿದಂಥ ಊರು ನಮ್ಮದು,
ಏರು ಅಂತ ಇರುವುದು ಸೇತುವೆ ಒಂದೇ.
ಅದನ್ನೇ ಹತ್ತಿದೆ, ದೊಡ್ಡ ಚಕ್ರದಲ್ಲಿ, ಇಳಿಯದೆ,
ಆಟೋದವರು ಹಾರ್ನ್ ಹೊಡೆದು ಬೈದು ಹೋದರು.
ನೆತ್ತಿಯಲ್ಲಿ ನಿಂತು ಉಸಿರು ಹಿಡಿದೆ.
ಪಡುವಣಕ್ಕೆ ಬಟ್ಟೆ ಗಿರಣಿಯ ಹಳೇ ಚಿಮಣಿ,
ಅದರಾಚೆ ಕೆಂಪು.

ಇಳಿಯುವಾಗ ಎರಡೂ ಬ್ರೇಕು ಬಿಟ್ಟೆ.

ರಿಪೇರಿ ಇನ್ನೂರ ನಲವತ್ತು ಅಂದೆ,
ಮುನ್ನೂರು ಕೊಟ್ಟಳು, ಚಿಲ್ಲರೆ ಬೇಡ ಅಂದಳು.
ಮಡ್‌ಗಾರ್ಡ್ ಮಾತ್ರ ಪೂರ್ತಿ ಒರೆಸಿ ಕೊಟ್ಟೆ.
ಹಳೇ ವಾಲ್ವಿನ ಟೋಪಿಯೊಳಗೆ
ಆ ಚಿಟಿಕೆ ಮರಳಿದೆ.
ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.